ಖಾಲಿ ಮನೆಗೆ ‘ಬರ್ತೇನಿ’ ಅಂದದ್ದು

ಅಫಜಲಪುರದಿಂದ ಗಂಭೀರ ಸುದ್ದಿಯೊಂದಿದೆ. ಫೋಟೋಗ್ರಾಫರ್ ಖಲೀಲ ಈಗ ಯಾರ ಮನೆಯಿಂದ ಎದ್ದರೂ ‘ಬರ್ತೇನಿ’ ಅನ್ನುವುದಿಲ್ಲ. ಚಹಾ ಕುಡಿದು, ಬಸಿ ಕೆಳಗಿಟ್ಟು, ಚಪ್ಪಲಿ ಮೆಟ್ಟಿ ಸುಮ್ಮನೆ ನಡೆದುಬಿಡುತ್ತಾನೆ. ಸೊಕ್ಕು ಬಂದಿದೆ ಎಂದು ಒಂದು ಮದುವೆಯವರು ಕೆಲಸವನ್ನೇ ಬೇರೆಯವರಿಗೆ ಕೊಟ್ಟರು. ಓಣಿಯಲ್ಲಿ ಈ ಬಗ್ಗೆ ಎರಡು ಮಾತಿಲ್ಲ.

ಖಲೀಲ ನನ್ನ ಪಕ್ಕದ ಮನೆಯವನು. ನಡೆದದ್ದು ಹೀಗೆ. ಹಗಲು ಹೇಳಿದರೆ ಅವನೇ ನಕ್ಕುಬಿಡುತ್ತಾನೆ, ಅದಕ್ಕೇ ರಾತ್ರಿ ಹೇಳುತ್ತಿದ್ದೇನೆ.

ಮದುವೆ ಇಲ್ಲದ ದಿನಗಳಲ್ಲಿ ಅವನು ಜನ ಬಿಟ್ಟುಹೋದ ಮನೆಗಳ ಫೋಟೊ ತೆಗೆದು ಮೊಬೈಲಿನಲ್ಲಿ ಹಾಕುತ್ತಾನೆ. ಊರು ಬಿಟ್ಟವರು ನೋಡಿ, ಇಲ್ಲಿ ನಮ್ಮ ತೊಟ್ಟಿಲಿತ್ತು, ಇಲ್ಲಿ ಅಜ್ಜ ಸತ್ತ ಎಂದು ಕೆಳಗೆ ಬರೆಯುತ್ತಾರೆ. ಘತ್ತರಗಿಯ ಆಚೆ ಅಂಥದೊಂದು ಹಳೇ ಊರಿದೆ. ಭೀಮಾ ನದಿಯ ನೆರೆ ನುಗ್ಗಿದ ಮೇಲೆ ಜನ ಎತ್ತರದ ನವಗ್ರಾಮಕ್ಕೆ ಹೋದರು. ಅಲ್ಲಿರುವ ಶರಣಬಸಮ್ಮ ಖಲೀಲನನ್ನು ಕರೆಸಿ ಕೇಳಿದಳು.

“ನಮ್ಮ ಹಳೀ ಮನಿ ಹೊಸ್ತಿಲದ್ದೊಂದು ಫೋಟೊ ತಂದುಕೊಡೊ ತಮ್ಮಾ. ರಾಧಿಕಾ ಅಲ್ಲೇ ಕುಂಡ್ರತಿದ್ದಳು.”

ರಾಧಿಕಾ ಅವಳ ಮಗಳು. ಎಂಟು ವರ್ಷದವಳು ಆ ನೆರೆಯಲ್ಲಿ ಹೋದಳು. ಹೆಣ ಸಿಗಲಿಲ್ಲ. ಅವಳದೊಂದು ಫೋಟೊ ಕೂಡ ಇಲ್ಲ.

“ನೀವೂ ಬರ್ರಿ ಆಯಿ.”

“ನಾ ಒಲ್ಲೆ.”

ಖಲೀಲ ಹೋದಾಗ ಹೊತ್ತು ಮುಳುಗಿತ್ತು. ಹಾಳು ಬಾವಿ ದಾಟಿದ. ರಾಟೆ ಕಿತ್ತು ಎಷ್ಟೋ ವರ್ಷವಾದ ಬಾವಿ... ಆದರೂ ಹಿಂದಿನಿಂದ ‘ಕಿರ್... ಕಿರ್...’ ಎಂದು ರಾಟೆ ತಿರುಗಿತು. ಅವನು ತಿರುಗಲಿಲ್ಲ.

ಮನೆಯ ಸೂರು ಕುಸಿದಿತ್ತು. ಎಲ್ಲೆಲ್ಲೂ ಬೆರಳುದ್ದ ಧೂಳು. ಹೊಸ್ತಿಲ ಮೇಲೆ ಮಾತ್ರ ಇಲ್ಲ. ಫೋಟೊ ತೆಗೆದ. ಚೀಲ ಹೆಗಲಿಗೇರಿಸಿ, ರೂಢಿಯಂತೆ ಅಂದ: “ಬರ್ತೇನ್ರಿ.”

ಹೋಗುವವರು ‘ಹೋಗ್ತೇನಿ’ ಅನ್ನುವ ಪದ್ಧತಿ ನಮ್ಮಲ್ಲಿಲ್ಲ.

ಒಳಗಿನಿಂದ ಪಿಸುದನಿ ಬಂತು. “ಯಾವಾಗ?”

ಓಡಬೇಕಿತ್ತು. ಆದರೆ ಅವನ ಅಂಗಡಿಯಲ್ಲಿ, ಫೋಟೊ ಒಯ್ಯಲು ಬಂದ ಗಿರಾಕಿಗಳು ದಿನವೂ ಕೇಳುವ ಪ್ರಶ್ನೆ ಅದು. ಬಾಯಿ ತಾನಾಗಿ ಉತ್ತರ ಕೊಟ್ಟುಬಿಟ್ಟಿತು.

“ನಾಳಿ.”

“ಹೂಂ...”

ಆಮೇಲೆ ಹೊಸ್ತಿಲ ಮೇಲೆ ಯಾರೋ ಲಂಗ ಸರಿಸಿ ಕೂತ ಸದ್ದು. ಆಗ ಓಡಿದ.

ರಾತ್ರಿ ಮೈ ಸುಡುತ್ತಿತ್ತು. ಹೆಂಡತಿ ಗುಲನಾಜ ಒದ್ದೆ ಬಟ್ಟೆ ಹಣೆಗಿಟ್ಟು ಎಲ್ಲ ಕೇಳಿದಳು. “ಗಿರಾಕಿಗೆ ಹೇಳೋ ಸುಳ್ಳು ಅಲ್ಲೂ ಹೇಳಿ ಬಂದ್ರೇನು?” ಎಂದಳು. ಹೇಳುವಾಗ ಅವಳೂ ನಗಲಿಲ್ಲ.

ಮರುದಿನ ಸಂಜೆ ಶರಣಬಸಮ್ಮನಿಗೆ ಫೋಟೊ ತೋರಿಸಿದ. ಅವಳು ನೋಡಲಿಲ್ಲ. ಅವನ ಮುಖವನ್ನೇ ನೋಡಿದಳು.

“ಏನಾತೊ?”

ಹೇಳಿದ. ಅವಳು ಎದ್ದು ನಿಂತಳು.

“ನಮ್ಮ ಅತ್ತಿ ಮುದುಕಿಗಿ ಕಾಲಿರಲಿಲ್ಲ. ಆಕಿನ್ನ ಮೊದಲ ದೋಣ್ಯಾಗ ಕರಕೊಂಡು ಹೋದೆ. ರಾಧಿಕಾಗ, ಇಲ್ಲೇ ಕುಂಡ್ರು, ಬರ್ತೇನಿ ಅಂದೆ...” ಸೆರಗು ಸರಿಮಾಡಿಕೊಂಡಳು. “ದೋಣಿ ತಿರುಗಿ ಹೋಗಲಿಲ್ಲ. ನಡಿ.”

“ಕತ್ತಲಾಗಾಕತ್ತದ್ರಿ ಆಯಿ.”

“ಆಕಿ ಕತ್ತಲದಾಗೇ ಕುಂತಾಳ.”

ಬಾವಿ ದಾಟಿದರು. ಈ ಸಲ ರಾಟೆ ಸದ್ದು ಮಾಡಲಿಲ್ಲ. ಶರಣಬಸಮ್ಮ ಹೊಸ್ತಿಲ ಮುಂದೆ ನಿಂತು, ಆಟಕ್ಕೆ ಹೋದ ಮಗುವನ್ನು ಊಟಕ್ಕೆ ಕರೆಯುವಂತೆ ಅಂದಳು.

“ಬಂದೇನಿ ನೋಡು. ಏಳು, ಮನಿಗಿ ಹೋಗೂಣ.”

ಏನೂ ಇಲ್ಲ... ಗಾಳಿಯೂ ಇಲ್ಲ... ಆಮೇಲೆ ಮಣ್ಣಿನ ಮೇಲೆ ಬರಿಗಾಲ ಸದ್ದು. ‘ಥಪ್... ಥಪ್... ಥಪ್...’ ಹತ್ತಿರ ಬಂದು ನಿಂತಿತು. ಶರಣಬಸಮ್ಮ ಎಡಗೈ ಚಾಚಿದಳು. ಬೆರಳು ಮಡಿಚಿಕೊಂಡಳು. ಹಾಗೆಯೇ ಮಡಿಚಿಕೊಂಡು, ಸಣ್ಣ ಹೆಜ್ಜೆ ಹಾಕುತ್ತ, ನವಗ್ರಾಮದವರೆಗೆ ನಡೆದಳು. ಖಲೀಲ ಹಿಂದೆ ನಡೆದ, ನೆಲ ನೋಡಿಕೊಂಡು. ಫೋಟೊ ಅವಳು ಕೇಳಲೇ ಇಲ್ಲ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ನಡೆದದ್ದಂತೂ ಹೌದು. ಮೊನ್ನೆ ನಾನೇ ನವಗ್ರಾಮಕ್ಕೆ ಹೋಗಿದ್ದೆ. ಶರಣಬಸಮ್ಮನ ಮನೆಯಲ್ಲಿ ಅವಳನ್ನು ಬಿಟ್ಟರೆ ಒಂದು ಎಮ್ಮೆ, ಅಷ್ಟೇ. ಹಿತ್ತಲ ಗೋಡೆಗೆ ಸೆಗಣಿಯ ಕುಳ್ಳು ತಟ್ಟಿದ್ದರು. ಮೇಲಿನ ಸಾಲಿನ ಕುಳ್ಳುಗಳ ಮೇಲೆ ದೊಡ್ಡವರ ಬೆರಳು ಮೂಡಿದ್ದವು. ಕೆಳಗಿನ ಸಾಲಿನವುಗಳ ಮೇಲೆ ಸಣ್ಣ ಬೆರಳು. ಎರಡೂ ಚೆನ್ನಾಗಿಯೇ ಉರಿಯುತ್ತವೆ.