ಗುಡ್ಡದ ಈಚೆಗೂ ಇದ್ದಾವೆ!

ಅಧ್ಯಕ್ಷರಾದ ಡೆನ್ಝಿಲ್ ಪೈಬಸ್ ಅವರೇ, ಹೋಬಾರ್ಟ್‌ನಿಂದ ಬಂದಿರುವ ಮುಖ್ಯ ಅತಿಥಿಗಳೇ, ಜೌಗು ಸಂರಕ್ಷಣಾ ಸಂಘದ ಸದಸ್ಯರೇ, ಚಹಾಕ್ಕೆಂದು ಬಂದು ಭಾಷಣಕ್ಕೆ ಸಿಕ್ಕಿಬಿದ್ದಿರುವ ಸಭಿಕರೇ,

ನಾನು ವಾರ್ಷಿಕ ವರದಿ ಓದಬೇಕಿತ್ತು. ಓದಲಾರೆ, ಅದಕ್ಕಿಂತ ದೊಡ್ಡ ಸುದ್ದಿಯಿದೆ. ನಮ್ಮ ಬಿಲದ ಸಿಗಡಿ ಗುಡ್ಡದ ಈಚೆಗೂ ಸಿಕ್ಕಿದೆ!

ಬೆರಳುದ್ದದ ಜೀವ. ಜೌಗಿನಲ್ಲಿ ಬಿಲ ತೋಡಿ, ಬಿಲದ ಬಾಯಿಗೆ ಕೆಸರಿನ ಗೋಪುರ ಕಟ್ಟಿ, ಅಲ್ಲೇ ಹುಟ್ಟಿ ಅಲ್ಲೇ ಸಾಯುತ್ತದೆ. ಟ್ಯಾಸ್ಮೇನಿಯಾದ ಈ ಮೂಲೆ ಬಿಟ್ಟರೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ಇಲ್ಲಿಯೂ ಗುಡ್ಡದ ಆಚೆಯ ಒಂದೇ ಜೌಗಿನಲ್ಲಿದೆ ಎಂದು ನಂಬಿದ್ದೆವು. ಅದು ಒಣಗಿದರೆ? ಕುಲವೇ ಮುಗಿಯಿತು.

ಆ ಜೌಗು ಯಾರದು? ನನ್ನ ತಮ್ಮ ಲಿಂಡ್ಸೆಯದು. ಹಸುಗಳಿಗೆ ಹುಲ್ಲು ಬೆಳೆಯಲು ಅವನು ಅದರ ನೀರು ಬಸಿಯಹೊರಟಾಗ ದೂರು ಕೊಟ್ಟು ತಡೆದವಳು ನಾನೇ. "ತಮ್ಮನಿಗಿಂತ ಆ ಹುಳಾನೇ ಹೆಚ್ಚಾಯ್ತೇನೇ ನಿಂಗೆ?" ಎಂದ. ಆಮೇಲೆ ಮಾತಿಲ್ಲ. ಅಮ್ಮನನ್ನು ಮಣ್ಣು ಮಾಡಿದ ದಿನವೂ ಚರ್ಚಿನ ಆ ಬದಿಗೆ ಅವನು, ಈ ಬದಿಗೆ ನಾನು. ಕ್ಷಮಿಸಿ, ಇದು ವರದಿಯಲ್ಲಿಲ್ಲ.

ಕಳೆದ ಮಂಗಳವಾರ ಬೆಳಿಗ್ಗೆ ಅವನ ಫೋನು ಬಂತು.

"ಬೆರಿಲ್, ಗುಡ್ಡದ ಈಚೆ ನನ್ನ ಹೊಲಕ್ಕೆ ಬಾ. ಬೂಟು ಹಾಕ್ಕೊಂಡು ಬಾ."

"ಯಾರಿಗೇನಾಯ್ತೋ?"

"ಏನೂ ಆಗಿಲ್ಲ ಕಣೇ. ಬಾ ಅಂದ್ರೆ ಬಾ."

ಹೋದೆ. ಕಾಲುವೆ ಅಗೆಯುವ ಯಂತ್ರದ ಬಾಯಿ ಎತ್ತಿದ್ದು ಎತ್ತಿದಂತೆಯೇ ನಿಂತಿತ್ತು. ಅದರ ಮುಂದೆ ಲಿಂಡ್ಸೆ ಕೆಸರಿನಲ್ಲಿ ಮಂಡಿಯೂರಿದ್ದ. "ನಿನ್ನವೇನಾ ನೋಡು," ಎಂದ. ಒಂದಲ್ಲ ಸ್ವಾಮಿ, ಸಾಲುಸಾಲು ಗೋಪುರ! ಒಂದು ಬಿಲದ ಬಾಯಲ್ಲಿ ಇಕ್ಕಳದಂಥ ಕೈ ಆಡಿತು. ನಾನು ಕಿರುಚಿಬಿಟ್ಟೆ.

"ಮೆಲ್ಲಗೆ ಮಾರಾಯ್ತಿ! ಹೆದರ್ಕೊಂಡು ಒಳಗೆ ಹೋಗ್ಬಿಡ್ತಾವೆ!"

ಬೈದದ್ದು ಯಾರು? ಅದನ್ನು ಹುಳ ಎಂದವನೇ!

ಸಭಿಕರೇ, ಅಲ್ಲಿ ಬೇರೆ ಯಾರಿದ್ದರು? ಯಾರೂ ಇಲ್ಲ. ಅವನು ಯಂತ್ರ ಓಡಿಸಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಯಾರಿಗೂ ಗೊತ್ತಾಗುತ್ತಿರಲಿಲ್ಲ. "ಯಾಕೋ ನಿಲ್ಲಿಸ್ದೆ?" ಎಂದು ಕೇಳಿದೆ. ಕೈಯ ಕೆಸರನ್ನು ಪ್ಯಾಂಟಿಗೆ ಒರೆಸುತ್ತಾ, ನನ್ನ ಮುಖ ನೋಡದೆ ಹೇಳಿದ: "ನಿಂಗೆ ಫೋನ್ ಮಾಡೋಕೆ ಏನಾದ್ರೂ ಬೇಕಿತ್ತಲ್ಲ."

ಆ ಹೊಲಕ್ಕೆ ಈಗ ಹಸು ಬಾರದಂತೆ ಬೇಲಿ ಬಿದ್ದಿದೆ. ಹಾಕಿದವನು ಅವನೇ. ಪಕ್ಕದ ಕಣಿವೆಯಲ್ಲೂ ಒಂದು ಜೌಗಿದೆಯಂತೆ. ಅಲ್ಲಿಗೆ ಇವತ್ತೇ, ಈಗಲೇ, ಇಬ್ಬರೂ ಹುಡುಕಲು ಹೊರಟಿದ್ದೇವೆ. ಸಭೆಯೆಂದರೆ ಅವನಿಗೆ ಆಗದು, ಹೊರಗೆ ಗಾಡಿಯಲ್ಲೇ ಕೂತಿದ್ದಾನೆ. ಕೇಳಿ, ಹಾರ್ನ್ ಹೊಡೆಯುತ್ತಿದ್ದಾನೆ! ಬಂದೆ ಕಣೋ, ಬಂದೆ!

ತಾಳ್ಮೆಯಿಂದ ಕೇಳಿದಿರಿ, ಎಲ್ಲರಿಗೂ ಧನ್ಯವಾದ. ದಾರಿ ಬಿಡಿ, ನಮಸ್ಕಾರ.