ಹೆಂಚಿನ ಸಂದಿಯ ಪಿಂಡ

"ಹಲೋ... ಯಾರು ಮಾತಾಡ್ತಿರೋದು? ಚಿಕ್ಕಬಳ್ಳಾಪುರದ ಹೈಸ್ಕೂಲಾ? ಹಾಂ, ಡ್ರಾಯಿಂಗ್ ಮೇಷ್ಟ್ರು ಪುಟ್ಟಸ್ವಾಮಯ್ಯನ್ನ ಕರೀರಿ. ಗೌರಿಬಿದನೂರಿಂದ ಅವರ ಅತ್ತಿಗೆ ಪಂಕಜ... ಇಲ್ಲ, ಯಾರಿಗೂ ಏನೂ ಆಗಿಲ್ಲ. ಕರೀರಿ ಮೊದ್ಲು."

ಅಂಚೆ ಕಚೇರಿಯ ಗೋಡೆಗೆ ಒರಗಿ ನಿಂತಿದ್ದ ಪಂಕಜಳ ಇನ್ನೊಂದು ಕೈಯಲ್ಲಿ ವಾರಪತ್ರಿಕೆಯ ಹಾಳೆ ಮುದುಡಿತ್ತು. ಟ್ರಂಕ್ ಕಾಲಿಗೆ ಮೂರೇ ನಿಮಿಷ, ಆಮೇಲೆ ಲೈನು ಕಡಿದುಬಿಡುತ್ತಾರೆ. ಆ ಪುಣ್ಯಾತ್ಮ ಕ್ಲಾಸಿನಿಂದ ನಡೆದು ಬರುವಷ್ಟರಲ್ಲೇ ಒಂದು ನಿಮಿಷ ಕಳೆದುಹೋಯಿತು.

"... ಪುಟ್ಟಸ್ವಾಮೀನಾ? ಏನಪ್ಪ, ನೀನು ತೆಗೆದ ಕಾಗೆ ಫೋಟೋ ಪೇಪರಲ್ಲಿ ಬಂತಲ್ಲ. ಸಂತೋಷವಾ?"

"... ಬಹುಮಾನದ ಮಾತು ಆಮೇಲೆ. ನಿಮ್ಮಮ್ಮನ ವರ್ಷದ ತಿಥಿಗೆ ಪಿಂಡ ಎತ್ಕೊಂಡು ಹಾರಿದ ಕಾಗೆ ತಾನೆ ಅದು? ಹೆಂಚಿನ ಸಂದಿಗೆ ಪಿಂಡ ತುರುಕಿ, ಮೇಲೆ ಎಲೆ ಮುಚ್ತಾ ಇದೆ. ಅದೇ ಅಲ್ವಾ?"

"... ಅಪರೂಪದ ನಡವಳಿಕೇನಾ? ನಿಮ್ಮಕ್ಕ ಶ್ಯಾಮಲಮ್ಮ ಪೇಪರ್ ಹಿಡ್ಕೊಂಡು ಮನೆಮನೆ ಸುತ್ತಿದ್ರು. ಅಮ್ಮ ಪಿಂಡ ತಿನ್ಲಿಲ್ಲ, ಬದುಕಿದ್ದಾಗ್ಲೂ ಸೊಸೆ ಅವರ ಹೊಟ್ಟೆಗೆ ಹಾಕ್ಲಿಲ್ಲ ಅಂತ. ನಿಮ್ಮಣ್ಣ ಮೊನ್ನೆಯಿಂದ ನನ್ನ ಕೈ ಅಡುಗೆ ಮುಟ್ಟಿಲ್ಲ. ಹೋಟ್ಲಲ್ಲಿ ತಿಂತಿದಾರೆ. ಹಾಂ, ಮಡಿ ಮಡಿ ಅಂತ ಸಾಯೋ ನಿಮ್ಮಣ್ಣ, ಹೋಟ್ಲಲ್ಲಿ."

"... ಹೊಟ್ಟೆ ತುಂಬಿದ್ರೆ ಕಾಗೆ ಬಚ್ಚಿಟ್ಟು ಆಮೇಲೆ ತಿನ್ನುತ್ತಾ? ಸರಿ. ತಿಂದಿದ್ದು ಫೋಟೋ ತೆಗೆದಿದೀಯಾ?... ಫೋಟೋ ಬೇಡ ಬಿಡು. ತಿಂದಿದ್ದು ನೋಡಿದ್ಯಾ?"

"... ನೋಡ್ಲಿಲ್ವಾ? ಮೂರು ಗಂಟೆ ಬಸ್ಸಿಗೆ ಹೊರಟುಬಿಟ್ಯಾ. ಹೂಂ."

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಬೈಗುಳಗಳಲ್ಲಿ ಒಂದೂ ಅವಳಿಗೆ ನೆನಪಾಗಲಿಲ್ಲ. ನೆನಪಾದದ್ದು ಅತ್ತೆಯ ದಿಂಬು.

"ಕೇಳು ಇಲ್ಲಿ. ಕೊನೆ ಆರು ತಿಂಗಳು ನೀವು ಬಂದಾಗಲೆಲ್ಲ ನಿಮ್ಮಮ್ಮ ಎರಡು ತುತ್ತಿಗೇ ಸಾಕು ಅನ್ನೋರು. ಅಕ್ಕ ತಮ್ಮ ಇಬ್ಬರೂ ನನ್ನ ಮುಖ ನೋಡ್ತಿದ್ರಿ. ಆಮೇಲೆ ಮೂರು ಗಂಟೆ ಬಸ್ಸು ಹತ್ತಿ ಹೋಗ್ತಿದ್ರಿ. ನೀವು ಅತ್ತ ಹೋದ್ರೆ ಇತ್ತ ಅವರು ದಿಂಬಿನ ಕೆಳಗಿಂದ ಮೊಸರನ್ನ ತೆಗೆಯೋರು. ಬಾಳೆಲೆ ಚೂರಲ್ಲಿ ಸುತ್ತಿ ಬಚ್ಚಿಟ್ಟಿರೋರು. ತಿನ್ನೋದು ಯಾರೂ ನೋಡ್ಬಾರ್ದು ಅವರಿಗೆ. ನಾನು ಗೋಡೆ ಕಡೆ ತಿರುಗಿ ಕೂತ್ಕೋತಿದ್ದೆ, ಅವರು ತಿಂದು ಮುಗಿಸೋವರೆಗೂ."

"... ಆಗ್ಲೇ ಯಾಕೆ ಹೇಳ್ಲಿಲ್ಲ ಅಂದ್ರೆ? ನಿಮ್ಮಮ್ಮ ಕದ್ದು ತಿಂತಾರೆ ಅಂತ ಮಕ್ಕಳ ಹತ್ರ ಹೇಳ್ಲಾ? ಅವರ ಮಾನ ಕಾದೆ, ನನ್ನ ಮಾನ ನೀನು ಪೇಪರಿಗೆ ಹಾಕ್ಸಿದೆ."

"... ಪತ್ರ ಗಿತ್ರ ಬೇಡ. ಭಾನುವಾರ ಬಾ. ನಿಮ್ಮಣ್ಣನ ಮುಂದೆ, ಶ್ಯಾಮಲಮ್ಮನ ಮುಂದೆ ಹೇಳು. ಕಾಗೆ ಬಚ್ಚಿಟ್ಟಿದ್ದು ನೋಡ್ದೆ, ತಿನ್ನೋವರೆಗೂ ನಾನು ಕಾಯ್ಲಿಲ್ಲ ಅಂತ. ಅಷ್ಟೇ ಸಾಕು. ಬರ್ತೀಯಾ?"

"... ಬರ್ತೀಯಾ ಅಂತ ಕೇಳ್ದೆ... ಹಾಂ? ಬಂದ್ರೆ ಸಂಜೆವರೆಗೂ ಇರ್ಬೇಕು, ಮೂರು ಗಂಟೆ ಬಸ್ಸು ಅಂತ ಮತ್ತೆ... ಹಲೋ?... ಹಲೋ..."