ಏಜೆಂಟ್ ಬಾಯಿ ಮುಚ್ಚುತ್ತಿದ್ದ ಹೊತ್ತು

ಅಧ್ಯಕ್ಷ ಪೀಠದಲ್ಲಿರುವ ಮಾನ್ಯ ಸಡಗೋಪನ್ ಅವರೇ, ಮುಖ್ಯ ಅತಿಥಿಗಳೇ, ಅಂಬತ್ತೂರಿನ ನಮ್ಮ ಡೇಟಾ ಸೆಂಟರಿನ ಬಂಧುಗಳೇ, ಆಗಲೇ ಬಿರಿಯಾನಿಯ ಕಡೆ ಮುಖ ಮಾಡಿ ಕೂತಿರುವ ಹಿಂದಿನ ಸಾಲಿನ ಸಭಿಕರೇ,

ಭದ್ರತೆಯ ದೋಷ ಕಂಡುಹಿಡಿದನೆಂದು ಶಾಲು ಹೊದಿಸಿದ್ದೀರಿ, ಸಂತೋಷ. ಆದರೆ ಇದು ನನಗೇಕೆ ಬಂತು? ನಿಜವಾಗಿ ಯಾರಿಗೆ ಬರಬೇಕಿತ್ತು? ದೇವರಾಣೆಗೂ ನನಗೆ ಗೊತ್ತಾಗುತ್ತಿಲ್ಲ.

ಮುಖ್ಯ ಅತಿಥಿಗಳು ಜವಳಿ ವ್ಯಾಪಾರದವರು, ಅವರಿಗಾಗಿ ಎರಡು ಮಾತು. ಇಲ್ಲಿ ಒಂದೊಂದು ದೊಡ್ಡ ಯಂತ್ರದೊಳಗೆ ಹತ್ತಾರು ವರ್ಚುವಲ್ ಯಂತ್ರಗಳು ಬಾಡಿಗೆದಾರರಂತೆ ವಾಸವಾಗಿರುತ್ತವೆ. ದೊಡ್ಡ ಯಂತ್ರವನ್ನು ಕಾಯಲು ಭದ್ರತಾ ಏಜೆಂಟ್ ಎಂಬ ಪ್ರೋಗ್ರಾಂ ಇರುತ್ತದೆ. ಅದು ಆಗಾಗ ಹೊಸದಾಗಿ ತಪಾಸಣೆ ಶುರು ಮಾಡಿ, ಕಂಡದ್ದನ್ನು ಲಾಗ್ ಎಂಬ ದಿನಚರಿಯಲ್ಲಿ ಬರೆಯಬೇಕು. ನಮ್ಮ ಹಳೆಯ ಸಾಲಿನ ಯಂತ್ರಗಳಲ್ಲಿ ಆ ಏಜೆಂಟ್ ದಿನಕ್ಕೊಮ್ಮೆ ಒಂದೂವರೆ ಗಂಟೆ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಸೋಮವಾರ ಬೆಳಿಗ್ಗೆ, ಮಂಗಳವಾರ ಮಧ್ಯಾಹ್ನ, ಶುಕ್ರವಾರ ಊಟಕ್ಕೆ ಮುಂಚೆ. ಲಾಗ್‌ನಲ್ಲಿ ಒಂದೇ ಸಾಲು: ಶುರು ಮಾಡಲು ಅನುಮತಿ ಇಲ್ಲ. ಯಾರ ಅನುಮತಿ? ಎಲ್ಲಿಯ ಅನುಮತಿ? ತಲೆ ಕೆಟ್ಟುಹೋಯಿತು.

ಆ ಯಂತ್ರಗಳ ಪಾಸ್‌ವರ್ಡ್ ಇದ್ದದ್ದು ನಮ್ಮ ಸಹೋದ್ಯೋಗಿ ಕಯಲ್ವಿಳಿ ಅವರ ಬಳಿ. ಹಗಲು ಪಾಳಿಯೂ ಅವರದೇ. ಬೇಕೆಂದೇ ನಿಲ್ಲಿಸುತ್ತಿದ್ದಾರೆ ಎಂದು ಅವರನ್ನು ಅಮಾನತು ಮಾಡಲಾಯಿತು. ಭಾನುವಾರ ಅವರು ರಜೆಯಲ್ಲಿದ್ದಾಗಲೂ ನಿಂತಿದೆಯಲ್ಲ ಎಂದು ನಾನು ಅಧ್ಯಕ್ಷರನ್ನು ಕೇಳಿದೆ.

"ಮನೇಲಿ ಕೂತ್ಕೊಂಡೂ ನಿಲ್ಲಿಸಬಹುದು ಕಣಯ್ಯಾ. ನೀನು ಲಾಗ್ ನೋಡು, ಅವಳ ಮುಖ ನೋಡ್ಬೇಡ" ಎಂದರು.

ಮುಖ ನೋಡಿದ್ದು ತಪ್ಪೇ? ಅವರು ಡಬ್ಬಿಯ ಮೊಸರನ್ನದಲ್ಲಿ ಉಪ್ಪಿನಕಾಯಿಯನ್ನು ಒಂದು ಮೂಲೆಗೆ ಸರಿಸಿ, ಕೊನೆಯ ತುತ್ತಿಗೆ ಉಳಿಸಿಕೊಳ್ಳುತ್ತಾರೆ. ಇದಕ್ಕೂ ಭದ್ರತೆಗೂ ಏನು ಸಂಬಂಧ? ಏನೂ ಇಲ್ಲ. ಮುಂದೆ ಹೋಗೋಣ.

ಒಂದು ಶನಿವಾರ ನಮ್ಮಮ್ಮ ನನಗೆ ಹೆಣ್ಣು ತೋರಿಸಲು ತಾಂಬರಂಗೆ ಹೊರಡಿಸಿದರು.

"ಒಂಬತ್ತರೊಳಗೆ ಹೊಸ್ತಿಲು ದಾಟೋ! ಆಮೇಲೆ ಹತ್ತೂವರೆವರೆಗೂ ರಾಹುಕಾಲ. ನಿನ್ನೆ ಥರ ಊಟಕ್ಕೆ ಮುಂಚೆ ಅಲ್ಲ ಇವತ್ತು, ಬೆಳಿಗ್ಗೇನೇ!"

ನಾನು ಚಪ್ಪಲಿ ಮೆಟ್ಟಿದವನು ಹಾಗೇ ನಿಂತೆ. ನಿನ್ನೆ ಊಟಕ್ಕೆ ಮುಂಚೆ, ಇವತ್ತು ಬೆಳಿಗ್ಗೆ. ಗೋಡೆಯ ಕ್ಯಾಲೆಂಡರ್ ಕಿತ್ತುಕೊಂಡು ಆಫೀಸಿಗೆ ಓಡಿದೆ. ಆ ಹೆಣ್ಣನ್ನು ಇವತ್ತಿಗೂ ನೋಡಿಲ್ಲ, ಅಮ್ಮ ಇವತ್ತಿಗೂ ಸರಿಯಾಗಿ ಮಾತಾಡುತ್ತಿಲ್ಲ. ಲಾಗ್ ಪಕ್ಕದಲ್ಲಿ ಕ್ಯಾಲೆಂಡರ್ ಇಟ್ಟು ನೋಡಿದರೆ ವಾರದ ಏಳು ದಿನವೂ ಸರಿಹೊಂದಿತು. ಹುಡುಕಿದಾಗ ಒಂದು ಪುಟ್ಟ ಹಳೆಯ ಪ್ರೋಗ್ರಾಂ ಸಿಕ್ಕಿತು. ರಾಹುಕಾಲದಲ್ಲಿ ಈ ಯಂತ್ರಗಳಲ್ಲಿ ಹೊಸದೇನೂ ಶುರುವಾಗದಂತೆ ತಡೆಯುವುದೇ ಅದರ ಕೆಲಸ. ಏಜೆಂಟನ್ನು ನಾವು ಹಾಕಿದ್ದು ಈ ವರ್ಷ, ಪಾಪ, ಅದಕ್ಕೆ ಪಂಚಾಂಗ ಗೊತ್ತಿರಲಿಲ್ಲ. ಪ್ರೋಗ್ರಾಂನ ಮೊದಲ ಸಾಲಿನಲ್ಲೇ ಬರೆದವರ ಹೆಸರೂ ಇತ್ತು: ಸಡಗೋಪನ್.

ಅಯ್ಯೋ, ಹೇಳಿಬಿಟ್ಟೆನೇ! ಹೇಳಬಾರದು ಅಂದುಕೊಂಡೇ ಮೈಕ್ ಹಿಡಿದಿದ್ದೆ. ಅಧ್ಯಕ್ಷರೇ, ಸೆಂಟರ್ ಶುರುವಾದ ಕಾಲದಲ್ಲಿ ಯಂತ್ರಗಳು ಕೆಡದಿರಲಿ ಎಂದು ಪ್ರೀತಿಯಿಂದಲೇ ಬರೆದಿರುತ್ತೀರಿ. ಬರೆದು ಮರೆತಿರುತ್ತೀರಿ. ಈಗ ನಾನು ನಿಮಗೆ ಕೈಮುಗಿಯಬೇಕೋ ಜಗಳವಾಡಬೇಕೋ, ತಿಳಿಯುತ್ತಿಲ್ಲ.

ಆದರೆ ಕಯಲ್ವಿಳಿ ಅವರನ್ನು ವಾಪಸ್ ಕರೆಯುವ ಪತ್ರ ಇನ್ನೂ ನಿಮ್ಮ ಜೇಬಿನಲ್ಲೇ ಇದೆ. ಸಹಿ ಹಾಕಿ ಸಾರ್ ಎಂದರೆ, ಮೊನ್ನೆ ಅಷ್ಟಮಿ, ಒಳ್ಳೆಯದಲ್ಲ ಎಂದಿರಿ, ನಿನ್ನೆ ನವಮಿ, ಅದೂ ಬೇಡ ಎಂದಿರಿ. ಇವತ್ತು ಗುರುವಾರ. ಆಗಿನಿಂದ ನೀವು ಗಡಿಯಾರ ನೋಡುತ್ತ ನನ್ನ ಅಂಗಿ ಜಗ್ಗುತ್ತಿದ್ದೀರಿ. ನಾನೇನು ಮಾಡಲಿ, ಮಾತು ಉದ್ದವಾಯಿತು, ಒಂದೂವರೆ ಹೊಡೆದೇ ಬಿಟ್ಟಿತು. ರಾಹುಕಾಲ ಬಂತು.

ಅಗೋ, ಬಾಗಿಲ ಬಳಿ ನಿಂತಿದ್ದಾರಲ್ಲ, ಆರು ವರ್ಷ ದುಡಿದ ಜಾಗದಲ್ಲಿ ಕೊರಳಿಗೆ 'ಸಂದರ್ಶಕರು' ಎಂಬ ಚೀಟಿ ಹಾಕಿಕೊಂಡು, ಅವರೇ ಕಯಲ್ವಿಳಿ. ಒಳಗೆ ಬರುವಾಗ ನಾನು ಅವರನ್ನು, ಒಂದೂವರೆಗೆ ರಾಹುಕಾಲ ಬಂದುಬಿಡುತ್ತದೆ, ಇನ್ನೊಂದು ಒಳ್ಳೆಯ ದಿನ ನೋಡೋಣವೇ ಎಂದು ಕೇಳಿದೆ. ಅವರು ಹೇಳಿದ್ದು ಇಷ್ಟೇ:

"ಒಳ್ಳೆ ಮುಹೂರ್ತ ನೋಡಿಯೇ ನನ್ನ ಆಚೆ ಹಾಕಿದ್ರಲ್ಲ ಸಾರ್. ರಾಹುಕಾಲದಲ್ಲೇ ಒಳಗೆ ಕರೀಲಿ, ನಂಗೇನೂ ಅಡ್ಡಿ ಇಲ್ಲ."

ಶಾಲಿಗೆ, ಹಾರಕ್ಕೆ, ನಿಮ್ಮ ತಾಳ್ಮೆಗೆ ವಂದನೆಗಳು. ಅಧ್ಯಕ್ಷರೇ, ಪೆನ್ನು ಇಲ್ಲಿದೆ. ನಮಸ್ಕಾರ.